ಹದಿನಾಲ್ಕನೇ ನಂಬರಿನ ಬಟ್ಟೆ

ಗಂಟು ಬಿಗಿಯಾಯಿತೇ ಎಂದು ಫಾಝಿಲ್ ಕೇಳಿದ. ಇಲ್ಲ ಎಂದ ರೂಪೇಶ. ಬಿಗಿಯಾಗಿಯೇ ಇತ್ತು.

ಎದೆಗೂ ಬೆನ್ನಿಗೂ ಇಳಿಬೀಳುವ ಬಿಳಿ ಬಟ್ಟೆ, ಪಕ್ಕದಲ್ಲಿ ಕಟ್ಟಲು ಲಾಡಿ, ಮೇಲೆ ಕಪ್ಪು ಅಂಕಿ. ಸೇನಾಧಿಕಾರಿಗಳ ಆಯ್ಕೆಗೆ ಹೋದವರಿಗೆ ಐದು ದಿನ ಹೆಸರಿರುವುದಿಲ್ಲ, ನಂಬರ್ ಇರುತ್ತದೆ. ಕಾಲೇಜಿನ ಹಳೆಯ ಲ್ಯಾಬಿನಲ್ಲಿ ಏಳು ವರ್ಷದಿಂದ ರೂಪೇಶ ವಿದ್ಯಾರ್ಥಿಗಳಿಗೆ ಇದನ್ನೇ ಅಭ್ಯಾಸ ಮಾಡಿಸುತ್ತಿದ್ದ. ಬೆಳಿಗ್ಗೆ ಇಂಗ್ಲಿಷ್ ಪಾಠ, ಮಧ್ಯಾಹ್ನ ಈ ತರಬೇತಿ. ಉಳಿದ ನಂಬರುಗಳನ್ನು ದೇರೆಬೈಲಿನ ಟೈಲರೊಬ್ಬ ಹೊಲಿದುಕೊಟ್ಟಿದ್ದ. ಹದಿನಾಲ್ಕು ಮಾತ್ರ ಅಸಲಿ.

ಅದು ಬಂದದ್ದು ಭೋಪಾಲದಿಂದ, ಹತ್ತೊಂಬತ್ತು ವರ್ಷಗಳ ಹಿಂದೆ. ಕೊನೆಯ ದಿನ ಎಲ್ಲರನ್ನೂ ಸಾಲಾಗಿ ಕೂರಿಸಿ ಆಯ್ಕೆಯಾದವರ ನಂಬರ್ ಕರೆಯುತ್ತಾರೆ. ನಂಬರ್ ಬಾರದವರು ಬಟ್ಟೆ ಬಿಚ್ಚಿ ಕೊಟ್ಟು ಸ್ಟೇಷನ್ನಿಗೆ ಹೋಗುವ ಬಸ್ ಹತ್ತಬೇಕು. ರೂಪೇಶ ಬಟ್ಟೆಯನ್ನು ಅಂಗಿಯೊಳಗೆ ಮಡಚಿಟ್ಟುಕೊಂಡು ಹತ್ತಿದ್ದ. ಜೀವಮಾನದಲ್ಲಿ ಕದ್ದದ್ದು ಅದೊಂದೇ.

ಮನೆಯಲ್ಲಿ ಅಮ್ಮನಿಗೆ ಬೇರೆಯೇ ಹೇಳಿದ್ದ. ಆಯ್ಕೆಯಾಗಿದ್ದೆ, ಮೆಡಿಕಲ್‌ನಲ್ಲಿ ಕಣ್ಣು ಕೈಕೊಟ್ಟಿತು. ಆ ಮಾತು ಮನೆಯಿಂದ ನೆರೆಮನೆಗೆ ಹೋಯಿತು, ಮದುವೆಯ ಮಾತುಕತೆಯಲ್ಲಿ ಬಂತು, ಕೊನೆಗೆ ಕಾಲೇಜಿನ ಬ್ರೋಷರಿನಲ್ಲಿ ಅಚ್ಚಾಯಿತು. ಅಚ್ಚಾದದ್ದಕ್ಕೆ ಮರ್ಯಾದೆ ಕೊಡಬೇಕೆಂದು ಅವನು ಪವರ್ ಇಲ್ಲದ ಕನ್ನಡಕ ಹಾಕಲು ಶುರು ಮಾಡಿದ. ಈಗ ಅದಿಲ್ಲದೆ ಅವನಿಗೆ ಓದಲು ಕಷ್ಟವಾಗುತ್ತಿತ್ತು.

ಏಳು ವರ್ಷದಲ್ಲಿ ಅವನ ಕೈಯಿಂದ ಒಬ್ಬನೂ ಆಯ್ಕೆಯಾಗಿರಲಿಲ್ಲ. ಫಾಝಿಲ್ ಆಗಬಹುದಿತ್ತು. ಎರಡು ಸಲ ಕೊನೆಯ ದಿನದವರೆಗೆ ಹೋಗಿ ಬಂದವನು. ಇವತ್ತು ಮೂರು ಗಂಟೆಯ ಬಸ್ಸಿಗೆ ಬೆಂಗಳೂರಿನ ಸೆಲೆಕ್ಷನ್ ಸೆಂಟರಿಗೆ ಮೂರನೇ ಸಲ ಹೊರಟಿದ್ದ. ಇದೇ ಕೊನೆಯದೆಂದು ಅವನ ತಾಯಿ ಹವ್ವಮ್ಮ ಹೇಳಿಬಿಟ್ಟಿದ್ದರು. ಆಗದಿದ್ದರೆ ದುಬೈಯಲ್ಲಿ ಅಣ್ಣ ರಿಯಾಝನ ಅಂಗಡಿ ಇತ್ತು, ವೀಸಾವೂ ಬಂದಿತ್ತು.

ಬೆಳಿಗ್ಗೆ ಮೈದಾನದಲ್ಲಿ ಓಟ ಮುಗಿಸಿ ಶೂ ಬಿಚ್ಚುತ್ತ ಫಾಝಿಲ್ ಕೇಳಿದ್ದ.

"ಸರ್, ಈ ಸಲವೂ ನಂಬರ್ ಕರೆಯದಿದ್ರೆ ಮನೆಗೆ ಹೇಗೆ ಬರುದು?"

ನೆಗೆಟಿವ್ ಯೋಚನೆ ಬೇಡ ಎಂದು ರೂಪೇಶ ಹೇಳಿದ. ಹೇಳಿದ ಮೇಲೆ ನಾಚಿಕೆಯಾಯಿತು. ಅವನಿಗೆ ನಿಜವಾಗಿ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ ಆಗಿತ್ತು. ಹುಡುಗ ಬಸ್ ಹತ್ತುವುದರೊಳಗೆ ಹೇಳಬೇಕು, ಅಷ್ಟೇ. ಮಧ್ಯಾಹ್ನ ಒಂದು ಗಂಟೆಯಾಯಿತು, ಹೇಳಲಾಗಲಿಲ್ಲ.

ಕೊನೆಯ ದಿನದ ಕಾನ್ಫರೆನ್ಸಿನ ಅಭ್ಯಾಸ ಬಾಕಿ ಇತ್ತು. ಪರೀಕ್ಷಕರೆಲ್ಲ ಅರ್ಧವೃತ್ತದಲ್ಲಿ ಕೂತಿರುತ್ತಾರೆ, ಅಭ್ಯರ್ಥಿ ನಡುವಿನ ಕುರ್ಚಿಯಲ್ಲಿ ಒಬ್ಬನೇ. ಊಟ ಹೇಗಿತ್ತು, ರೂಮು ಹೇಗಿತ್ತು ಎಂದು ಕೇಳುತ್ತಾರೆ. ಅಷ್ಟರಲ್ಲಿ ಬದುಕು ತೀರ್ಮಾನವಾಗಿರುತ್ತದೆ. ಈ ಸಲ ಸರ್ ಕೂತು ತೋರಿಸಲಿ, ನಾವು ಪರೀಕ್ಷಕರಾಗುತ್ತೇವೆ ಎಂದು ವಿದ್ಯಾರ್ಥಿನಿ ತೃಷಾ ಸೂಚಿಸಿದಳು. ಎಲ್ಲರಿಗೂ ಹಿಡಿಸಿತು. ಅನುಭವಸ್ಥನೆಂದು ಫಾಝಿಲನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಅವನೇ ಪೆಟ್ಟಿಗೆಯಿಂದ ಹದಿನಾಲ್ಕನ್ನು ತೆಗೆದು ರೂಪೇಶನಿಗೆ ಕಟ್ಟಿದ.

ರೂಪೇಶ ಹೊರಗೆ ಹೋಗಿ ಬಾಗಿಲು ತಟ್ಟಿದ. ನಗು ಬರಬೇಕಿತ್ತು, ಬರಲಿಲ್ಲ.

ಕುರ್ಚಿಯಲ್ಲಿ ಕೂತಾಗ ತಲೆಯ ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಹನ್ನೊಂದು ಎಳೆಯ ಮುಖಗಳು ಅವನನ್ನೇ ನೋಡುತ್ತಿದ್ದವು. ಅವರಲ್ಲಿ ಯಾರಾದರೂ ತನ್ನನ್ನು ಬೇಕು ಅನ್ನಲಿ ಎಂದು ಅವನಿಗೆ ಒಮ್ಮೆಲೇ ವಿಪರೀತ ಆಸೆಯಾಯಿತು.

ಫಾಝಿಲ್ ಊಟದ ಬಗ್ಗೆ ಕೇಳಿದ, ರೂಮಿನ ಬಗ್ಗೆ ಕೇಳಿದ. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಎಷ್ಟನೇ ಸಲ ಬಂದದ್ದು?"

"ಐದನೇ ಸಲ."

"ಈ ಸಲವೂ ಆಗದಿದ್ರೆ ಎಂತ ಮಾಡ್ತೀರಿ?"

ಇದಕ್ಕೆ ಉತ್ತರ ಸಿದ್ಧವಿತ್ತು. ದೌರ್ಬಲ್ಯ ತಿದ್ದಿಕೊಂಡು ಮತ್ತೆ ಬರುತ್ತೇನೆ, ಸರ್. ಅದನ್ನು ಅವನೇ ಬೋರ್ಡಿನ ಮೇಲೆ ಬರೆಸಿದ್ದ.

"ಆಗಲಿಲ್ಲ," ಎಂದ ರೂಪೇಶ. "ಮನೆಗೆ ಹೋಗ್ಲಿಕ್ಕೆ ಧೈರ್ಯ ಬರ್ಲಿಲ್ಲ. ಎರಡು ದಿವಸ ಸ್ಟೇಷನ್ನಿನಲ್ಲೇ ಕೂತಿದ್ದೆ. ಮತ್ತೆ ಅಮ್ಮನಿಗೆ ಹೇಳಿದೆ, ಕಣ್ಣು ಸರಿಯಿಲ್ಲ ಅಂತ."

"ಕಣ್ಣು?"

"ಕಣ್ಣು ಸರಿ ಉಂಟು."

ರೂಪೇಶ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಏನೋ ಮುರಿಯಲಿ ಎಂದು ಕಾದ.

ತೃಷಾ ಚಪ್ಪಾಳೆ ತಟ್ಟಿದಳು. ಕೂಡಲೇ ಎಲ್ಲರೂ ತಟ್ಟಿದರು.

"ಎಂತ ಆಕ್ಟಿಂಗ್ ಮಾರಾಯ," ಎಂದು ಅವಳು ಪಕ್ಕದವನಿಗೆ ಹೇಳುತ್ತಿದ್ದಳು. "ನಂಗೆ ನಿಜ ಅಂತಲೇ ಆಯ್ತು."

ಇನ್ನೊಬ್ಬ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ, ಗ್ರೂಪಿಗೆ ಹಾಕುತ್ತೇನೆ ಎಂದ. ಇಂಥ ಉತ್ತರ ಕೊಟ್ಟರೆ ಖಂಡಿತ ಫೇಲ್ ಎಂಬುದಕ್ಕೆ ಒಳ್ಳೆಯ ಉದಾಹರಣೆಯಂತೆ. ಹೌದು ಎಂದು ರೂಪೇಶ ತಲೆಯಾಡಿಸಿದ. ಕನ್ನಡಕವನ್ನು ಮತ್ತೆ ಮೂಗಿನ ಮೇಲೆ ಕೂರಿಸಿದ.

ಫಾಝಿಲ್ ಚಪ್ಪಾಳೆ ತಟ್ಟಿರಲಿಲ್ಲ. ಬ್ಯಾಗ್ ಹೆಗಲಿಗೇರಿಸಿ ಹತ್ತಿರ ಬಂದ. ಏನೋ ಕೇಳುವವನಂತೆ ನಿಂತು, ಕೈ ಕುಲುಕಿ, ಬರ್ತೇನೆ ಸರ್ ಎಂದಷ್ಟೇ ಹೇಳಿ ಹೋದ. ಅವನಿಗೆ ಅರ್ಥವಾಯಿತೋ ಇಲ್ಲವೋ. ಅರ್ಥವಾಗಿದ್ದರೆ, ಇಂಥವನಿಂದ ಕಲಿತೆನಲ್ಲ ಎಂದು ಬಸ್ಸಿನಲ್ಲಿ ಕೂತು ಹೇಸಿಕೊಳ್ಳುತ್ತಾನೋ. ರೂಪೇಶನಿಗೆ ಅವನ ಹಿಂದೆ ಓಡಬೇಕೆನಿಸಿತು. ಓಡಲಿಲ್ಲ, ಬೆಂಚುಗಳನ್ನು ಸಾಲಿಗೆ ಸರಿಸಿದ.

ಗಂಟು ಬಿಚ್ಚಲು ಬರಲಿಲ್ಲ. ನಿಜ ಹೇಳಬೇಕೆಂದರೆ ಅವನು ಒಮ್ಮೆ ಮಾತ್ರ ಎಳೆದು ನೋಡಿದ್ದ. ಬಟ್ಟೆಯ ಮೇಲೆ ಕೈಚೀಲ ಅವಚಿ ಹಿಡಿದು ಕುಲಶೇಖರದ ಸಿಟಿ ಬಸ್ ಹತ್ತಿ ಕಿಟಕಿಯ ಬಳಿ ಕೂತ. ಮನೆಗೆ ಹೋಗಿ ಹೆಂಡತಿಗೆ ಏನೆನ್ನುವುದು? ಕ್ಲಾಸಿನಿಂದ ಹೊರಡುವಾಗ ಬಿಚ್ಚಲು ಮರೆತೆ ಎಂದರಾಯಿತು. ಅವಳು ನಂಬುತ್ತಾಳೆ, ಕಣ್ಣಿನ ಮಾತನ್ನೂ ನಂಬಿದ್ದಾಳೆ.

ನಂತೂರು ವೃತ್ತದಲ್ಲಿ ಬಸ್ ನಿಂತುಬಿಟ್ಟಿತು. ಲಾರಿಗಳು ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿದ್ದವು. ಹೆದ್ದಾರಿಯಲ್ಲಿ ಎಡಗಡೆಯಿಂದ ಬಂದ ಬೆಂಗಳೂರು ಬಸ್ಸೊಂದು ಹತ್ತು ಮಾರು ದೂರದಲ್ಲಿ ಸಿಕ್ಕಿಕೊಂಡಿತ್ತು. ಮೂರನೇ ಕಿಟಕಿಯಲ್ಲಿ ಫಾಝಿಲ್ ಇದ್ದ.

ರೂಪೇಶ ಕೈ ಎತ್ತಿದ. ಫಾಝಿಲ್ ನೋಡಿದ. ಬಾಯಿ ಅಲುಗಾಡಿತು, ಹಾರ್ನಿನ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಆಮೇಲೆ ಹುಡುಗ ತನ್ನ ಎದೆಯ ಮೇಲೆ, ನಂಬರ್ ಇರಬೇಕಾದಲ್ಲಿ ಬರಿಯ ಅಂಗಿಯ ಮೇಲೆ, ಅಂಗೈ ಇಟ್ಟುಕೊಂಡ.

ವೃತ್ತದ ನಡುವೆ ಟ್ರಾಫಿಕ್ ಪೊಲೀಸ್ ತೋಳು ಚಾಚಿ, ಬಾ ಬಾ ಎಂದು ಜೋರಾಗಿ ಕೈ ಬೀಸಿದ.

ತನ್ನ ನಂಬರನ್ನೇ ಕರೆದಂತೆ ರೂಪೇಶ ತಟ್ಟನೆ ಎದ್ದು ನಿಂತ. ಚೀಲ ಕೆಳಗೆ ಬಿತ್ತು. ಹಿಮ್ಮಡಿಗಳು ತಾವಾಗಿ ಕೂಡಿಕೊಂಡವು. ಹದಿನಾಲ್ಕು ಇಡೀ ಬಸ್ಸಿಗೆ ಕಾಣುತ್ತಿತ್ತು.

ಪೊಲೀಸ್ ಕರೆದದ್ದು ಬೆಂಗಳೂರಿನ ಸಾಲನ್ನು. ಫಾಝಿಲನ ಬಸ್ಸು ಲಾರಿಯನ್ನು ಬಳಸಿಕೊಂಡು ಮುಂದೆ ಹೋಯಿತು.

"ಕುಲಶೇಖರ ಇನ್ನೂ ಬರ್ಲಿಲ್ಲ ಸರ್," ಎಂದ ಕಂಡಕ್ಟರ್, ನಂಬರನ್ನು ನೋಡಿ ಧ್ವನಿ ತಗ್ಗಿಸಿ. "ಕೂತ್ಕೊಳ್ಳಿ."

ರೂಪೇಶ ಗಲ್ಲ ಎತ್ತಿ, ಕೈಗಳನ್ನು ತೊಡೆಗೆ ಅಂಟಿಸಿ ನಿಂತೇ ಇದ್ದ. ಪೊಲೀಸಿನ ಕೈ ಈಗ ಇತ್ತ ತಿರುಗಿ, ಅಂಗೈ ಅಗಲಿಸಿ, ನಿಲ್ಲಿ ಎನ್ನುತ್ತಿತ್ತು.