ನಕ್ಷತ್ರಕ್ಕೊಂದು ಕೊಕ್ಕೆ

ಬನಿಯನ್ನು ಇನ್ನೂ ಅರ್ಧ ಒದ್ದೆ, ಸೋಪಿನ ವಾಸನೆ, ದೂರದರ್ಶಕದ ಪೈಪಿನ ಬಾಯಿಗೆ ಎಳೆದು ರಬ್ಬರ್ ಬ್ಯಾಂಡ್ ಹಾಕಿದರೂ ನಡುವೆ ಒಂದು ಸುಕ್ಕು ಉಳಿದೇ ಇದೆ, ಸುಕ್ಕು ಇರಬಾರದು, ಬೆಳಕು ಒಂದೇ ಸಮ ಒಳಗಿಳಿಯಬೇಕು, ಅಣ್ಣಾ ಆ ಕಡೆ ಸ್ವಲ್ಪ ಎಳಿ, ಅಣ್ಣ ಎಳೆದ, ಎಳೆದವನು ಕೆಮ್ಮಿದ — ಅವಳ ಬೆರಳುಗಳು ಅಲ್ಲೇ ನಿಂತವು, ಕೆಮ್ಮು ಮುಗಿಯುವ ತನಕ. ಸೂರ್ಯ ಮುಳುಗಿ ಆಕಾಶ ಇನ್ನೂ ಬಿಳಿಚಿಕೊಂಡಿರುವ ಈ ಸ್ವಲ್ಪ ಹೊತ್ತಿನಲ್ಲೇ ಬನಿಯನ್ನಿನ ಫೋಟೋ ತೆಗೆದುಬಿಡಬೇಕು, ಬರೀ ಬಿಳಿ ಬಟ್ಟೆಯ ಫೋಟೋ, ಯಾರಿಗಾದರೂ ಹೇಳಿದರೆ ನಗುತ್ತಾರೆ, ಆದರೆ ದೂರದರ್ಶಕದೊಳಗೆ ಎಲ್ಲೆಲ್ಲಿ ಧೂಳು ಕೂತಿದೆಯೋ ಅದೆಲ್ಲ ಈ ಬಿಳಿಯ ಮೇಲೆ ಕಲೆಯಾಗಿ ಮೂಡುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಆ ಕಲೆಗಳನ್ನೆಲ್ಲ ನಕ್ಷತ್ರದ ಫೋಟೋದಿಂದ ಕಳೆಯುವುದು, ಅಷ್ಟೇ. ನಕ್ಷತ್ರದ ಫೋಟೋದಲ್ಲಿ ಯಾವುದಾದರೂ ಕಲೆಯ ಮೇಲೆ ಅನುಮಾನ ಬಂದರೆ ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ತೆಗಿ, ಕಲೆ ಕ್ಯಾಮೆರಾದ ಜೊತೆ ತಿರುಗಿದರೆ ಅದು ನಮ್ಮ ಧೂಳು, ಇದ್ದಲ್ಲೇ ನಿಂತರೆ ಅದು ಆಕಾಶದ್ದು, ಹೀಗೆ ಹೇಳಿಕೊಟ್ಟವನು ಈ ಅಣ್ಣನೇ, ಹಗಲೆಲ್ಲ ಲೇತ್ ಮುಂದೆ ನಿಂತು ಕಬ್ಬಿಣ ಕಡೆಯುವವನು, ಸಂಜೆಯಾದರೆ ತಂಗಿಯನ್ನು ತಾರಸಿಗೆ ಕರೆಯುವವನು. ಅವಳು ಇವತ್ತು ಮಧ್ಯಾಹ್ನ ಹಾಗೇ ಮಾಡಿದಳು, ಅವನ ಮೇಲೇ ಮಾಡಿದಳು.

ಆಸ್ಪತ್ರೆಯ ಎಕ್ಸ್‌ರೇ ಕೋಣೆ, ಅವಳದೇ ಕೋಣೆ, ಕೆಲಸಕ್ಕೆ ಸೇರಿದಾಗಿನಿಂದ ಅವಳು ಎಷ್ಟು ಎದೆಗಳನ್ನು ಆ ಹಲಗೆಗೆ ಒತ್ತಿ ನಿಲ್ಲಿಸಿಲ್ಲ, ಅಣ್ಣ ಅಂಗಿ ಬಿಚ್ಚಿ ನಿಂತ, ಐಸ್ ಇಟ್ಟ ಹಾಗಿದೆಯಲ್ಲೇ ಗೂಬೆ, ನಿಮ್ಮತ್ತಿಗೆ ಕಾಟ ತಡೀಲಾರದೆ ಬಂದೆ, ಬೇಗ ಮುಗಿಸು — ಗೂಬೆ ಅಂತ ಅವನೇ ಇಟ್ಟ ಹೆಸರು, ರಾತ್ರಿಯೆಲ್ಲ ಎಚ್ಚರ ಇರುತ್ತಾಳೆ ಅಂತ — ಉಸಿರು ಎಳ್ಕೋ, ಹಿಡ್ಕೋ, ಅಲ್ಲಾಡಬೇಡ, ಬಿಡು. ಪರದೆಯ ಮೇಲೆ ಪಕ್ಕೆಲುಬಿನ ಕೆಳಗೆ ಬೆಳ್ಳಗೆ ಒಂದು ಕಲೆ, ಅಂಚು ಒರಟು, ಧೂಳಿರಬೇಕು, ಪ್ಲೇಟಿನ ಮೇಲೆ ಏನೋ ಕೂತಿರಬೇಕು, ದೇವರೇ ಧೂಳಾಗಿರಲಿ, ಸರಿಯಾಗಿ ಬರಲಿಲ್ಲ ಇನ್ನೊಂದ್ಸಲ ನಿಂತ್ಕೋ ಅಣ್ಣಾ ಅಂದಳು, ಬೇರೆ ಪ್ಲೇಟು ತಂದಳು, ಒರೆಸಿದಳು, ಮತ್ತೆ ಒರೆಸಿದಳು, ಉಸಿರು ಎಳ್ಕೋ, ಹಿಡ್ಕೋ. ಕಲೆ ಇದ್ದಲ್ಲೇ ಇತ್ತು. ಏನು ಬಂತೇ, ಗುಂಡಿ ಹಾಕಿಕೊಳ್ಳುತ್ತ ಕೇಳಿದ. ನಾವು ಫೋಟೋ ತೆಗೀತೀವಿ ಅಷ್ಟೇ, ಓದೋದು ಡಾಕ್ಟರು, ನಾಳೆ ಬರ್ತಾರೆ — ಎಷ್ಟು ಜನರಿಗೆ ಈ ಮಾತು ಹೇಳಿ ಕಳಿಸಿದ್ದಾಳೆ, ಬಾಯಿಪಾಠ, ಹೇಳುವಾಗ ಒಂದು ದಿನವೂ ನಾಲಿಗೆ ತಡವರಿಸಿರಲಿಲ್ಲ, ಇವತ್ತು ಹೇಳುತ್ತ ಹೇಳುತ್ತ ಒರೆಸಿದ ಪ್ಲೇಟನ್ನೇ ಇನ್ನೊಮ್ಮೆ ಒರೆಸಿದಳು. ಅವನು ಅವಳ ಮುಖವನ್ನೊಮ್ಮೆ ನೋಡಿ, ಸರಿ ಬಿಡು, ಸಂಜೆ ಮೋಡ ಇಲ್ವಂತೆ ಅಂದು ಕೆಲಸಕ್ಕೆ ಹೋದ.

ಮೋಡವಿಲ್ಲ. ಕತ್ತಲಾಗಿದೆ, ಬನಿಯನ್ನು ಬಿಚ್ಚಿ ಹಗ್ಗಕ್ಕೆ ಹಾಕಿದ್ದಾಯಿತು, ಮಹಾವ್ಯಾಧ ನಕ್ಷತ್ರಪುಂಜ ನೆತ್ತಿಯ ಹತ್ತಿರ, ಆ ಬೇಟೆಗಾರನ ಕತ್ತಿಯಲ್ಲಿ ಹೊಗೆಯ ಹಾಗಿರುವ ಆ ನೀಹಾರಿಕೆ, ಈ ಚಳಿಗಾಲ ಮುಗಿಯುವುದರೊಳಗೆ ಅದರದ್ದೊಂದು ಒಳ್ಳೆಯ ಫೋಟೋ ಆಗಲೇಬೇಕು ಅಂತ ಅಣ್ಣನ ಹಟ. ಅಣ್ಣ ಸ್ಟೂಲಿನ ಮೇಲೆ, ದೊಡ್ಡ ಪೈಪಿನ ಬೆನ್ನಿಗೆ ಕಟ್ಟಿದ ಸಣ್ಣ ಕೊಳವೆಗೆ ಕಣ್ಣಿಟ್ಟು, ಅದರೊಳಗೆ ಅಡ್ಡಡ್ಡ ಅಂಟಿಸಿದ ಎರಡು ಕೂದಲು, ಅವಳದೇ ತಲೆಯಿಂದ ಫಟ್ಟನೆ ಕಿತ್ತವು, ಆ ಎರಡು ಕೂದಲು ಕೂಡುವಲ್ಲಿ ಒಂದು ನಕ್ಷತ್ರವನ್ನು ಹಿಡಿದಿಟ್ಟು, ಶಟರ್ ತೆರೆದಿರುವಷ್ಟು ಹೊತ್ತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿರುಪು ತಿರುಗಿಸುತ್ತ ಆಕಾಶದ ಜೊತೆಗೇ ಹೋಗುವುದು ಅವನ ಕೆಲಸ, ಮೋಟಾರು ಯಾಕೆ, ಲೇತ್ ಮಿಸ್ತ್ರಿಯ ಕೈ ಇರುವಾಗ. ಆ ಕೈ ನಡುಗಿದ್ದಿಲ್ಲ. ಆದರೆ ಚಳಿ ಶುರುವಾದಾಗಿನಿಂದ ನಕ್ಷತ್ರಗಳು ದುಂಡಗೆ ಬರುತ್ತಿಲ್ಲ, ಒಂದೊಂದಕ್ಕೂ ಪಕ್ಕದಲ್ಲಿ ಒಂದು ಸಣ್ಣ ಕೊಕ್ಕೆ, ಎಲ್ಲವೂ ಒಂದೇ ದಿಕ್ಕಿಗೆ, ಗಾಳಿ ಅಂದಳು, ಸ್ಟ್ಯಾಂಡಿನ ಮರದ ಕಾಲು ಸಡಿಲ ಅಂದಳು, ಬೋಲ್ಟ್ ಬಿಗಿ ಮಾಡಿಸಿದಳು, ಕಾಲಿನ ಕೆಳಗೆ ರಬ್ಬರ್ ಇಟ್ಟಳು, ಕಲ್ಲಿನ ಹಾಗೆ ಕೂತ್ಕೋ ಅಂದ್ರೆ ಕೂರಲ್ಲ ನೀನು ಅಂತ ರೇಗಿದಳು — ಅವನು ಕೆಮ್ಮಿದ, ಸಾರಿ ಕಣೇ ಅಂದ, ಅವಳು ಆ ಫೋಟೋ ಅಳಿಸಿದಳು, ಮತ್ತೆ ಶುರು, ಕೊಕ್ಕೆ ಬಂದದ್ದನ್ನೆಲ್ಲ ಅಳಿಸಿದಳು. ಆಕಾಶದ ತುಂಬ ಅಣ್ಣನ ಕೆಮ್ಮು ಬರೆದುಕೊಂಡಿತ್ತು, ಅವಳು ಬೋಲ್ಟ್ ತಿರುಗಿಸುತ್ತ ಕೂತಿದ್ದಳು, ಬುದ್ಧಿಗೆ ಅದ್ಯಾವ ಮಂಕು ಕವಿದಿತ್ತೋ. ಕೆಳಗಿನಿಂದ ಅತ್ತಿಗೆಯ ದನಿ, ಅಣ್ಣ ತಂಗಿ ಊಟಕ್ಕೆ ಬರ್ತೀರೋ ಇಲ್ಲ ನಕ್ಷತ್ರಾನೇ ತಿಂತೀರೋ, ಪಾಪ ಅತ್ತಿಗೆ, ಅವರಿಗೂ ನಾಳೆಯವರೆಗೆ ಸಮಯವಿದೆ, ಇವತ್ತೊಂದು ರಾತ್ರಿ ಇಬ್ಬರೂ ನಿದ್ದೆ ಮಾಡಲಿ, ಬಾಯಿಗೆ ಬೀಗ ಹಾಕಿಕೋ, ಹೇಳಬೇಡ.

ತೆಗೀತಿದೀನಿ ಅಣ್ಣಾ. ಶಟರ್ ತೆರೆಯಿತು. ಅವನ ಬೆರಳು ತಿರುಪಿನ ಮೇಲೆ ನಿಧಾನ, ನಿಧಾನ, ಮತ್ತೆ ಅವನ ಹೆಗಲು ಒಮ್ಮೆ ಜಗ್ಗಿತು, ಸದ್ದಿಲ್ಲ, ಇನ್ನೊಮ್ಮೆ ಜಗ್ಗಿತು, ತುಟಿ ಕಚ್ಚಿ ಹಿಡಿದಿದ್ದಾನೆ, ಕತ್ತಿನ ನರ ಉಬ್ಬಿದ್ದು ಕತ್ತಲಲ್ಲೂ ಕಾಣುತ್ತಿದೆ, ಕೈ ಮಾತ್ರ ಅಲ್ಲಾಡದು — ಅಂದರೆ ನಡುನಡುವೆ ದುಂಡಗೆ ಬಂದ ಆ ಒಂದೆರಡು ಫೋಟೋ, ಇವತ್ತು ಗಾಳಿ ಇಲ್ಲ ನೋಡು ಅಂತ ಅವಳು ಕುಣಿದಾಡಿದ ಆ ಫೋಟೋ, ಅವೂ ಹೀಗೆಯೇ, ಹೀಗೆ ಉಸಿರುಗಟ್ಟಿಯೇ, ಅವಳ ಬೈಗುಳಕ್ಕೆ ಹೆದರಿ. ಕೆಮ್ಮಿಬಿಡು ಅಣ್ಣಾ, ಅಂದಳು. ಅವನು ತಲೆಯಾಡಿಸಲೂ ಇಲ್ಲ, ಹಲ್ಲಿನ ನಡುವಿಂದಲೇ, ಫೋಟೋ ಕೆಡುತ್ತೆ. ಕೆಡಲಿ, ಕೆಮ್ಮಿಬಿಡು. ಆಗ ಅವನು ಕಣ್ಣು ತೆಗೆದ. ಶಟರ್ ತೆರೆದಿರುವಾಗ ಯಾವತ್ತೂ ಕಣ್ಣು ತೆಗೆಯದವನು ಕೊಳವೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ, ನೀನು ಯಾವತ್ತೂ ಫೋಟೋ ಕೆಡಲಿ ಅಂದೋಳಲ್ಲ, ಅಂದ. ಆಮೇಲೆ, ಮೆತ್ತಗೆ, ಎಷ್ಟು ದೊಡ್ಡದಿದೆಯೇ? ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು, ಕೈಯ ಕೆಳಗೆ ಬೆನ್ನು ಕೆಮ್ಮಿತು, ಕೆಮ್ಮಿತು, ಸ್ಟೂಲು, ಮರದ ಕಾಲು, ಪೈಪು, ಎಲ್ಲ ಅಲುಗಿತು, ಅಲುಗಲಿ, ಶಟರ್ ಮುಚ್ಚಿಕೊಂಡಿತು, ಕ್ಯಾಮೆರಾದ ಹಿಂದೆ ಆ ಸಣ್ಣ ಪರದೆ ತಾನಾಗಿ ಹೊತ್ತಿತು, ಮಹಾವ್ಯಾಧನ ಕತ್ತಿ, ಬೆಳ್ಳನೆ ಹೊಗೆ, ಸುತ್ತ ನಕ್ಷತ್ರಗಳು, ಹೆಬ್ಬೆರಳು ಅಭ್ಯಾಸಬಲದಿಂದ ಅಳಿಸುವ ಗುಂಡಿಯ ಮೇಲೆ ಹೋಗಿ ಕೂತಿದೆ, ಒತ್ತುತ್ತಿಲ್ಲ, ಒತ್ತಲಾಗುತ್ತಿಲ್ಲ, ಇದಕ್ಕೊಂದು ಕೊಕ್ಕೆ, ಇದಕ್ಕೂ, ಈ ಮಂಕಾದದ್ದಕ್ಕೂ, ಅಂಚಿನಲ್ಲಿ ಇದೆಯೋ ಇಲ್ಲವೋ ಅನ್ನುವಂತಿರುವ ಅದಕ್ಕೂ ಒಂದು, ಕೊಕ್ಕೆ, ಒಂದೇ ದಿಕ್ಕಿಗೆ, ಕೊಕ್ಕೆ —