ಹೋಗುವವಳ ಕೈಯಲ್ಲಿ ಬರುವ ಟಿಕೆಟ್

ಬೆಳಿಗ್ಗೆ ಗಂಡನ ದೇಶಕ್ಕೆಂದು ಹೊರಟ ಪಕ್ಕದ ಮನೆಯ ಹೊಲಿಗೆಯವಳು ಮಧ್ಯಾಹ್ನವೇ ಎರಡು ಪೆಟ್ಟಿಗೆಗಳ ಜೊತೆ ಟ್ಯಾಕ್ಸಿಯಿಂದ ಇಳಿದಳು. ಅವಳ ತಾಯಿ ಹೊಸ್ತಿಲಲ್ಲೇ ಕುಸಿದು ಕೂತರು. ನಾನು ನೀರು ಹಿಡಿದು ಓಡಿದೆ.

"ವಿಮಾನ ತಪ್ಪಿಹೋಯ್ತೇನೇ?" ಎಂದರು ತಾಯಿ.

"ವಿಮಾನ ಇತ್ತಮ್ಮ, ನನ್ನನ್ನೇ ಹತ್ತಿಸ್ಲಿಲ್ಲ. ಆ ದೇಶದಿಂದ ಹೊರಗೆ ಹೋಗೋ ಟಿಕೆಟ್ ಎಲ್ಲಿ ಅಂತ ಕೇಳಿದ್ರು."

ತಾಯಿ ತಲೆ ತಗ್ಗಿಸಿದರು. ಮಗಳು ಮೊದಲು ಎರಡೂ ಟಿಕೆಟ್ ಕೊಂಡಿದ್ದಳು. "ಬಾಳೋಕೆ ಹೋಗೋಳು ವಾಪಸ್ ಟಿಕೆಟ್ ಹಿಡ್ಕೊಂಡು ಹೋಗ್ತಾಳಾ? ಬಿಡ್ತು ಅನ್ನು!" ಎಂದು ಹಟ ಹಿಡಿದು, ಬರುವ ಟಿಕೆಟ್ಟನ್ನು ರದ್ದು ಮಾಡಿಸಿದವರು ಇವರೇ.

ಅಂದು ಗುರುವಾರ. ಸೋಮವಾರ ಅಳಿಯನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಅವನು ಬಡಗಿ. ಶಸ್ತ್ರಚಿಕಿತ್ಸೆಯಾದ ಮೇಲೆ ವಾರವಿಡೀ ತಲೆ ಎತ್ತದೆ ಬೋರಲು ಮಲಗಿರಬೇಕಂತೆ. ಅಲ್ಲಿ ಅವನಿಗೆ ಒಂದು ಲೋಟ ನೀರು ಕೊಡುವವರೂ ಇರಲಿಲ್ಲ.

ಮೇಲಿನ ಮಹಡಿಯಿಂದ ಕೌಂಟರ್ ಅಕ್ಕ ಇಳಿದು ಬಂದರು. ವಿಮಾನ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಪ್ರಯಾಣಿಕರ ಕಾಗದ ನೋಡಿ ನಿವೃತ್ತರಾದವರು. ಓಣಿಯವರೆಲ್ಲ ಅವರನ್ನು ಕರೆಯುವುದೇ ಹಾಗೆ.

"ನಾನು ಅವರ ಹೆಂಡತಿ ಕಣಕ್ಕಾ! ಮದುವೆ ಪತ್ರನೂ ತೋರಿಸ್ದೆ" ಎಂದಳು ಹೊಲಿಗೆಯವಳು.

"ಸರಿ ಕಣೆ. ಅಲ್ಲಿ ವಾಸ ಮಾಡೋ ಪರವಾನಗಿ?"

"ಅಮ್ಮನ ಸೊಂಟ ಮುರಿದು ನಾನು ವರ್ಷ ಇಲ್ಲೇ ಉಳಿದ್ನಲ್ಲ, ಅಷ್ಟರಲ್ಲಿ ಮುಗೀತು. ಈಗಿರೋದು ಬರೀ ಪ್ರವಾಸದ ವೀಸಾ. ಹೋದ್ಮೇಲೆ ಹೊಸ ಪರವಾನಗಿ ಮಾಡಿಸ್ಬೇಕು."

"ಹಾಗಾದ್ರೆ ಸದ್ಯಕ್ಕೆ ಆ ದೇಶದವರ ಲೆಕ್ಕದಲ್ಲಿ ನೀನು ಬಂದುಹೋಗೋ ನೆಂಟರ ಹಾಗೆ. ನೆಂಟರು ಯಾವತ್ತು ಹೊರಡ್ತಾರೆ ಅಂತ ಕೆಲವು ದೇಶದವರು ಬಾಗಿಲಲ್ಲೇ ಕೇಳ್ತಾರೆ. ಉತ್ತರ ಇಲ್ಲದೋರನ್ನ ಕರ್ಕೊಂಡು ಹೋದ್ರೆ ದಂಡ ವಿಮಾನದವರ ತಲೆಗೇ ಬರುತ್ತೆ. ಕೌಂಟರಲ್ಲಿ ಗದರಿದ್ರಾ?"

"ಇಲ್ಲಕ್ಕ. ಕೌಂಟರಲ್ಲಿದ್ದ ಹುಡುಗಿ ಟ್ಯಾಕ್ಸಿವರೆಗೂ ಪೆಟ್ಟಿಗೆ ತಳ್ಕೊಂಡು ಬಂದ್ಲು. ಶನಿವಾರದ ವಿಮಾನಕ್ಕೆ ಬದಲಾಯಿಸಿಕೊಟ್ಲು."

ತಾಯಿ ಮೆಲ್ಲಗೆ ಹೇಳಿದರು. "ಯಾರೋ ಏಜೆಂಟ್ ಸುಮ್ಮನೆ ತೋರಿಸೋಕೆ ಒಂದು ಟಿಕೆಟ್ ಪ್ರಿಂಟ್ ಮಾಡ್ಕೊಡ್ತಾನಂತೆ..."

"ಸುಳ್ಳು ಟಿಕೆಟ್ಟಾ? ಸಿಕ್ಕಿಬಿದ್ರೆ ಶನಿವಾರ ಅಲ್ಲ, ಯಾವ ವಾರಾನೂ ಹೋಗೋಕಾಗಲ್ಲ. ತಾರೀಖು ಬದಲಾಯಿಸೋಕೆ ಬರೋ ನಿಜವಾದ ಟಿಕೆಟ್ಟನ್ನೇ ಕೊಳ್ಳಿ. ಪರವಾನಗಿ ಕೈಗೆ ಬಂದ್ಮೇಲೆ ಮುಂದಕ್ಕೆ ಹಾಕ್ಬಹುದು."

"ಆದ್ರೂ ಮನಸ್ಸು ಒಪ್ಪಲ್ಲಮ್ಮ. ಹೋಗುವಾಗ್ಲೇ ಬರೋ ಮಾತು ಆಡಬಾರದು."

ಕೌಂಟರ್ ಅಕ್ಕ ಅವರ ಪಕ್ಕದಲ್ಲೇ ನೆಲಕ್ಕೆ ಕೂತರು. "ನೀವು ಮದುವೆಯಾಗಿ ಹೊರಟಾಗ ನಿಮ್ಮಮ್ಮ ಏನಂದ್ರು?"

"ಏನಂತಾರೆ? ಹೋಗಿ ಬಾ ಮಗಳೇ ಅಂದ್ರು."

"ಬರೋ ಮಾತು ಆಡಿದ್ರಲ್ಲ. ನಿಮ್ಮ ಸಂಸಾರಕ್ಕೇನಾಯ್ತು?"

ತಾಯಿ ಮಗಳ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಫೋನ್ ತೆಗಿಯೇ. ಟಿಕೆಟ್ ಕೊಳ್ಳು. ತಾರೀಖು ನಾನು ಹೇಳ್ತೀನಿ" ಎಂದರು.

"ತಾರೀಖು ನೀವಲ್ಲಮ್ಮ, ವೀಸಾ ಹೇಳುತ್ತೆ. ಎಷ್ಟು ದಿನ ಇರಬಹುದೋ ಅದರೊಳಗೇ ಇರಬೇಕು" ಎಂದು ಕೌಂಟರ್ ಅಕ್ಕ ನಕ್ಕಾಗ ಅಳುತ್ತಿದ್ದ ಹೊಲಿಗೆಯವಳೂ ನಕ್ಕಳು.

ಶನಿವಾರ ಅವಳು ಹೋದಳು. ಮಂಗಳವಾರ ಒಂದು ಫೋಟೋ ಬಂತು. ಅಳಿಯ ಮಂಚದಂಚಿಗೆ ಮುಖ ಬಾಗಿಸಿ ಬೋರಲು ಮಲಗಿದ್ದ. ಅವನಿಗೆ ಕಾಣುವುದು ನೆಲ ಮಾತ್ರ. ಇವಳು ಆ ನೆಲದ ಮೇಲೆ ಅಂಗಾತ ಮಲಗಿ, ಅವನನ್ನು ನೋಡಿ ನಗುತ್ತಿದ್ದಳು. ತಾಯಿ ಆ ಫೋಟೋವನ್ನು ಓಣಿಗೆಲ್ಲ ತೋರಿಸಿದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಿಂದಲೂ ಗಂಡನ ಅಥವಾ ಹೆಂಡತಿಯ ದೇಶಕ್ಕೆ ಮರಳುವವರಿದ್ದಾರೆಯೇ? ವಾಸದ ಪರವಾನಗಿಯ ತಾರೀಖನ್ನು ಇವತ್ತೇ ನೋಡಿ. ದೇಶಕ್ಕೊಂದು ನಿಯಮವಿದೆ. ಹೊರಹೋಗುವ ಟಿಕೆಟ್ ಬೇಕೇ ಎಂದು ರಾಯಭಾರ ಕಚೇರಿಯನ್ನೂ ವಿಮಾನದವರನ್ನೂ ಮೊದಲೇ ಕೇಳಿ. ಬೇಕೆಂದರೆ ಸಂಕೋಚವಿಲ್ಲದೆ ಕೊಳ್ಳಿ. ಮದುವೆ ಪತ್ರದ ಜೊತೆ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಲ್ಲೊಬ್ಬರು ಕಾಯುತ್ತಿರುತ್ತಾರೆ.