ಪರದೇಶದ ಚಿಗರಿ

ಲೋಕಾಪುರದ ಹೊರಗಿನ ತೋಟದ ಮನೆಯಲ್ಲಿ ಮುತ್ತಣ್ಣ ಮುಧೋಳ ನಾಯಿಗಳನ್ನು ಸಾಕುತ್ತಾನೆ. ಅವನ ಅಜ್ಜ ಧರೆಪ್ಪ ಇದೇ ತಳಿಯ ನಾಯಿಗಳನ್ನು ಬಿಟ್ಟು ಚಿಗರಿ, ಅಂದರೆ ಕೃಷ್ಣಮೃಗ, ಹಿಡಿಯುತ್ತಿದ್ದವನು. ಬೀಳಗಿ ಕಡೆಯ ಬಯಲಿನಲ್ಲಿ ನಾಯಿಗಳು ಓಡಿದ ಕಥೆ ಕೇಳುತ್ತಲೇ ಮುತ್ತಣ್ಣ ಬೆಳೆದ. ಅವನಿಗೆ ತಿಳಿವಳಿಕೆ ಬರುವ ಹೊತ್ತಿಗೆ ಬೇಟೆಗೆ ಕಾಯಿದೆ ಅಡ್ಡ ಬಂದಿತ್ತು, ಬಯಲಿಗೆ ನೀರು ಬಂದು ಕಬ್ಬು ಎದ್ದಿತ್ತು. ಅವನ ನಾಯಿಗಳು ಪ್ರದರ್ಶನದಲ್ಲಿ ಬಹುಮಾನ ಗೆಲ್ಲುತ್ತಿದ್ದವು, ತೋಟ ಕಾಯುತ್ತಿದ್ದವು. ಅವು ಜೀವದ ಹಂಗು ತೊರೆದು ಓಡಿದ್ದನ್ನು ಮಾತ್ರ ಅವನು ಎಂದೂ ಕಂಡಿರಲಿಲ್ಲ.

ಜಮಖಂಡಿಯ ವಿಶ್ವಾಸ ದನದ ಡಾಕ್ಟರು. ಹದಿನೈದಿಪ್ಪತ್ತು ವರ್ಷಗಳಿಂದ ಅಮೆರಿಕದ ಟೆಕ್ಸಾಸಿನಲ್ಲಿ, ಹಣ ಕೊಟ್ಟವರಿಗೆ ಬೇಟೆಯಾಡಲು ಬಿಡುವ ಒಂದು ದೊಡ್ಡ ಎಸ್ಟೇಟಿನ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದಾನೆ. ತಂಗಿಯ ಮದುವೆಗೆಂದು ಊರಿಗೆ ಬಂದವನು ಮುತ್ತಣ್ಣನ ಚಂದ್ರಿಯನ್ನು ಕಂಡು ಮರುಳಾದ. ಚಂದ್ರಿ ಬೂದು ಬಣ್ಣದ, ಬಿಲ್ಲಿನಂತೆ ಬಾಗಿದ ಬೆನ್ನಿನ ಹೆಣ್ಣು ನಾಯಿ. ಎಸ್ಟೇಟಿನ ಕೆಲಸಕ್ಕೆಂದು ಅದನ್ನು ಕೊಂಡ, ಅದು ಅಲ್ಲಿಗೆ ಹೊಂದಿಕೊಳ್ಳುವವರೆಗೆ ನೀವೂ ಬಂದು ಇರ್ರಿ ಎಂದು ಮುತ್ತಣ್ಣನ ವೀಸಾವನ್ನೂ ತಾನೇ ಮಾಡಿಸಿದ. ಹೀಗೆ ಜೂನ್ ತಿಂಗಳಲ್ಲಿ ಮುತ್ತಣ್ಣ ವಿಮಾನ ಹತ್ತಿದ.

ಅಲ್ಲಿಯೂ ಬಿಸಿಲೇ. ಮುಳ್ಳುಕಂಟಿ, ಸುಣ್ಣದ ಕಲ್ಲು, ಒಣಗಿದ ಹುಲ್ಲು. ಜೀಪಿನಲ್ಲಿ ಕೂತು ಸುತ್ತು ಹಾಕುವಾಗ ಮುತ್ತಣ್ಣನಿಗೆ ಬೀಳಗಿ ದಾರಿಯಲ್ಲಿ ಹೊರಟಂತೆಯೇ ಅನ್ನಿಸಿತು.

"ಈಗ ಇಲ್ಲಿಯ ಜಿಂಕಿ ಹೊಡೀಲಿಕ್ಕೆ ಬರೂದಿಲ್ಲ. ಬ್ಯಾಟಿ ಸೀಜನ್ ಮುಗದದ," ಎಂದ ವಿಶ್ವಾಸ. "ಆದ್ರ ಹೊರಗಿನ ದೇಶದಿಂದ ತಂದು ಬೆಳಸಿದ್ದಕ್ಕ ಸೀಜನ್ ಇಲ್ಲ. ಬ್ಯಾಸಗ್ಯಾಗ ಬರೂ ಮಂದಿ ಅವನ್ನs ಹೊಡೀತಾರ."

ತಿರುವಿನಾಚೆ ಒಂದು ಹಿಂಡು ನಿಂತಿತ್ತು. ನಡುವೆ ಕಪ್ಪು ಮೈ, ಬಿಳಿ ಹೊಟ್ಟೆ, ಹುರಿ ಹೊಸೆದಂಥ ಕೊಂಬು. ಮುತ್ತಣ್ಣ ಜೀಪಿನಲ್ಲೇ ಎದ್ದು ನಿಂತ.

"ಡಾಕ್ಟರ್ ಸಾಹೇಬ್ರ, ಇದು ನಮ್ಮ ಚಿಗರಿ ಅಲ್ಲೇನ್ರಿ!"

"ಹೌದ್ರಿ, ನಮ್ಮದs. ಇಲ್ಲಿ ಅದಕ್ಕ ಪರದೇಶಿ ಅಂತಾರ."

ಅಜ್ಜನ ಬಾಯಿಂದ ಕೇಳಿದ್ದನ್ನು ಕಾಣಲು ಸಮುದ್ರ ದಾಟಬೇಕಾಯಿತಲ್ಲ ಎಂದು ಮುತ್ತಣ್ಣನಿಗೆ ನಗುವೂ ಬಂತು, ಬೇಸರವೂ ಆಯಿತು.

ಮರುವಾರ ಬೇಟೆಗೆಂದು ಒಬ್ಬ ಅತಿಥಿ ಬಂದ. ಗಟ್ಟಿಯಾಗಿ ನಗುವ, ಎಲ್ಲರ ಕೈ ಕುಲುಕುವ ಮನುಷ್ಯ. ಅವನು ಹಾರಿಸಿದ ಗುಂಡು ಗಂಡು ಚಿಗರಿಯ ಹಿಂಗಾಲಿಗೆ ತಾಗಿತು. ಚಿಗರಿ ಬಿದ್ದು, ಎದ್ದು, ಮೂರೇ ಕಾಲಿನಲ್ಲಿ ಕಂಟಿಗಳತ್ತ ನೆಗೆಯಿತು.

"ಚಂದ್ರಿನ್ನ ಬಿಡ್ರಿ ಮುತ್ತಣ್ಣ! ಕಂಟ್ಯಾಗ ಹೊಕ್ಕರ ಸಿಗೂದಿಲ್ಲ, ನರಳಿ ಸಾಯ್ತದ!" ವಿಶ್ವಾಸ ಕೂಗಿದ.

ಮುತ್ತಣ್ಣ ಹಗ್ಗ ಬಿಚ್ಚಿದ.

ಚಂದ್ರಿ ಓಡಿತು. ಅದರ ಕಾಲು ನೆಲ ಮುಟ್ಟಿದ್ದು ಕಾಣಲಿಲ್ಲ. ಮೈಯೆಲ್ಲ ಒಮ್ಮೆ ಮುದುಡಿ ಒಮ್ಮೆ ಚಾಚಿಕೊಳ್ಳುತ್ತಿತ್ತು ಅಷ್ಟೆ. ಚಿಗರಿ ಹೊರಳಿದ ಕಡೆ ಅದೂ ಹೊರಳಿತು. ಮುತ್ತಣ್ಣ ತನಗೇ ಗೊತ್ತಿಲ್ಲದೆ "ಹೋಗ್! ಹೋಗ್ ನನ್ನವ್ವ!" ಎಂದು ಚೀರುತ್ತ ಹಿಂದೆ ಓಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು.

ಅವನು ಅಲ್ಲಿಗೆ ತಲುಪುವಷ್ಟರಲ್ಲಿ ಚಿಗರಿ ನೆಲಕ್ಕೆ ಬಿದ್ದಿತ್ತು. ಚಂದ್ರಿ ಅದರ ಕುತ್ತಿಗೆ ಹಿಡಿದು ನಿಂತಿತ್ತು. ಚಿಗರಿಗೆ ಇನ್ನೂ ಜೀವವಿತ್ತು. ಬಿಳಿ ಉಂಗುರದೊಳಗಿನ ಕಣ್ಣು ಅಗಲವಾಗಿ ತೆರೆದಿತ್ತು. ಉಸಿರಿಗೆ ಹೊಟ್ಟೆ ಏರಿಳಿಯುತ್ತಿತ್ತು. ವಿಶ್ವಾಸ ಬಂದು ಇನ್ನೊಂದು ಗುಂಡು ಹಾರಿಸಿ ಮುಗಿಸಿದ. ಅತಿಥಿ ಕೊಂಬು ಹಿಡಿದು ಕೂತು ಫೋಟೊಕ್ಕೆ ಮುತ್ತಣ್ಣನನ್ನೂ ಕರೆದ. ಮುತ್ತಣ್ಣ ಹೋಗಿ ನಿಂತ. ಬೇಡ ಅನ್ನುವುದು ಹೇಗೆಂದು ಅವನಿಗೆ ತೋಚಲಿಲ್ಲ.

ಸಂಜೆ ಚಂದ್ರಿಯ ಬಾಯಿ ತೊಳೆಯುತ್ತ ಅವನು ಕೇಳಿದ. "ನಿಮಗ ಏನೂ ಅನಸೂದಿಲ್ಲೇನ್ರಿ, ಸಾಹೇಬ್ರ?"

ವಿಶ್ವಾಸ ನೀರಿನ ಬಕೆಟ್ಟನ್ನು ಅವನತ್ತ ಸರಿಸಿ ಹೇಳಿದ. "ಮೊದಲ ಭಾಳ ಅನಸ್ತಿತ್ತು. ನಮ್ಮ ಅವ್ವಗ ಇವತ್ತಿಗೂ ಖರೆ ಹೇಳಿಲ್ಲ, ದನದ ದವಾಖಾನ್ಯಾಗ ಕೆಲಸಾ ಅಂತ ಹೇಳೇನಿ. ಆದ್ರ ನೋಡ್ರಿ, ನಮ್ಮ ಕಡೆ ಕಾಯಿದೆ ಅದ, ಹೊಲದಾಗ ಚಿಗರಿ ಇಲ್ಲ. ಇಲ್ಲೆ ಹೊಡೀತಾರ, ಹೊಡೀಲಿಕ್ಕಂತs ಸಾಕ್ತಾರ, ಸಾವಿರಗಟ್ಲೆ ಅದಾವ. ಯಾವುದು ಛಲೋ ಅಂತ ನನಗ ಇನ್ನೂ ತಿಳಿದಿಲ್ಲ."

ಮುತ್ತಣ್ಣನಿಗೂ ತಿಳಿಯಲಿಲ್ಲ. ಚಂದ್ರಿಯನ್ನು ಕರೆದುಕೊಂಡು ಹೋಗಿಬಿಡಲೇ ಎಂದು ಎರಡು ದಿನ ಯೋಚಿಸಿದ. ವಿಶ್ವಾಸ ತಡೆಯುತ್ತಿರಲಿಲ್ಲವೇನೋ. ಆದರೆ ಬೆಳಗಾದರೆ ಸಾಕು, ಚಂದ್ರಿ ಜೀಪಿನ ಬಾಗಿಲಿಗೆ ಓಡಿ ನಿಲ್ಲುತ್ತಿತ್ತು, ಓಟದ ಆಸೆಗೆ ಮೈ ನಡುಗಿಸುತ್ತಿತ್ತು. ಲೋಕಾಪುರದಲ್ಲಿ ಅದು ಯಾವತ್ತೂ ಹಾಗೆ ನಿಂತಿರಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಹೇಳಿದ್ದಕ್ಕಿಂತ ಮೊದಲೇ ಅವನು ಊರಿಗೆ ಮರಳಿದ.

ಹೆಂಡತಿ ನಂದಾ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಪಾಪ ಅನಸಲಿಲ್ಲೇನ್ರಿ?"

"ಅನಿಸ್ತು. ಆದ್ರ ಮುಗದ ಮ್ಯಾಲ ಅನಿಸ್ತು, ನಂದಾ. ಚಂದ್ರಿ ಓಡೂ ಹೊತ್ತಿನಾಗ ನನಗ ಬರೇ ಖುಷಿನs ಇತ್ತು. ಅದs ತಲ್ಯಾಗಿಂದ ಹೋಗವಲ್ತು."

ನಂದಾ ರೊಟ್ಟಿಯನ್ನು ತವೆಗೆ ಹಾಕಿದಳು. "ಖುಷಿ ಆಗಿದ್ದು ಓಡಿದ್ದಕ್ಕ. ಕೊಂದಿದ್ದಕ್ಕಲ್ಲ. ಇದ್ದ ನಾಯಿಗೋಳನ್ನ ಓಡಸ್ರಲಾ, ಯಾರ ಬ್ಯಾಡ ಅಂತಾರ? ಬರೇ ಕಟ್ಟಿ ಹಾಕಿ ಹಾಲು ಕುಡಸ್ತೀರಿ."

ಆ ವರ್ಷ ಕಬ್ಬು ಕಡಿದು ಹೊಲ ಬರಿದಾದ ಮೇಲೆ ಮುತ್ತಣ್ಣ ಬೈಕಿನ ಹಿಂದೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಹುಲ್ಲು ತುಂಬಿದ ಚೀಲ ಬಿಗಿದ. ನಂದಾ ಬೈಕು ಓಡಿಸಿದಳು. ಅವನು ನಾಯಿಗಳನ್ನು ಬಿಟ್ಟ. ರಸ್ತೆಯಲ್ಲಿ ಹೊರಟಿದ್ದ ಟ್ರ್ಯಾಕ್ಟರುಗಳು ನಿಂತವು, ಮಂದಿ ಶಿಳ್ಳೆ ಹಾಕಿದರು. ನಾಯಿಗಳು ಗಾಳಿಯಂತೆ ಹೋಗಿ ಚೀಲವನ್ನು ಹಿಡಿದವು.

ಹಿಡಿದ ಮೇಲೆ ಒಂದು ಮರಿ ಚೀಲವನ್ನು ಮೂಸಿ ನೋಡಿ, ತಲೆಯೆತ್ತಿ ಮುತ್ತಣ್ಣನ ಮುಖ ನೋಡಿತು. ಇಷ್ಟೇನಾ ಎಂದು ಕೇಳಿದಂತಿತ್ತು.

"ಇಷ್ಟs ಲೇ," ಎಂದ ಮುತ್ತಣ್ಣ, ಅದರ ಬೆನ್ನು ತಟ್ಟುತ್ತ. "ಇಷ್ಟರಾಗ ಖುಷಿ ಪಡು." ಅತ್ತ ನಂದಾ ಬೈಕನ್ನು ಹೊರಳಿಸಿ, ಇನ್ನೊಂದು ಸುತ್ತಿಗೆ ತಯಾರಾಗಿದ್ದಳು.